ರಿಯಾಲಿನ ಹಾದಿ: ಬೆಳ್ಳಿ ಬಂದ ಮೇಲೆ ಬಡವಾದ ಸ್ಪೇನ್

ರಿಯಾಲ್ ಎಂಬ ಪದವನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಕರಾವಳಿಯ ಯಾವ ಊರಿಗೆ ಹೋದರೂ ಸೌದಿ ಅರೇಬಿಯಾದಲ್ಲೋ ಖತರ್‌ನಲ್ಲೋ ಒಮಾನ್‌ನಲ್ಲೋ ದುಡಿದು ಬಂದ ಒಬ್ಬರಾದರೂ ಸಿಗುತ್ತಾರೆ. ಒಂದು ರಿಯಾಲಿಗೆ ಇವತ್ತು ಎಷ್ಟು ರೂಪಾಯಿ ಎಂಬುದು ಅಂಥ ಮನೆಗಳ ಮಕ್ಕಳಿಗೂ ಗೊತ್ತು. ಆದರೆ ಆ ಹೆಸರು ಎಲ್ಲಿಂದ ಬಂತೆಂದು ಕೇಳಿದರೆ ಹೆಚ್ಚಿನವರು ಅದು ಅರಬಿ ಪದವೆಂದೇ ಹೇಳುತ್ತಾರೆ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ವಾಸ್ತವದಲ್ಲಿ ಅದು ಸ್ಪೇನಿನ ಪದ. ‘ರೆಯಾಲ್’ ಎಂದರೆ ಅರಸನಿಗೆ ಸೇರಿದ್ದು ಎಂದರ್ಥ. ಸ್ಪೇನಿನ ಅರಸರ ಮುದ್ರೆ ಹೊತ್ತ ಬೆಳ್ಳಿ ನಾಣ್ಯ 16 ಮತ್ತು 17ನೆಯ ಶತಮಾನಗಳಲ್ಲಿ ಅರಬ್ ರೇವುಗಳಿಗೆ ಎಷ್ಟೊಂದು ಹರಿದು ಬಂತೆಂದರೆ, ದೊಡ್ಡ ಬೆಳ್ಳಿ ನಾಣ್ಯಕ್ಕೆಲ್ಲ ಆ ಹೆಸರೇ ಅಂಟಿಕೊಂಡಿತು. ನಾಣ್ಯ ಹೋಯಿತು, ಹೆಸರು ಉಳಿಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ತನ್ನ ನಾಣ್ಯದ ಹೆಸರನ್ನು ಅರಬ್ ನಾಡುಗಳಿಗೂ ಕೊಟ್ಟ ಆ ಸ್ಪೇನಿನಲ್ಲಿ, 17ನೆಯ ಶತಮಾನದ ಹೊತ್ತಿಗೆ ಸಂತೆಗೆ ಹೋದ ಸಾಮಾನ್ಯ ಮನುಷ್ಯನ ಕೈಯಲ್ಲಿದ್ದುದು ತಾಮ್ರದ ಕಾಸು. ಜಗತ್ತಿಗೆಲ್ಲ ಬೆಳ್ಳಿ ಹಂಚಿದ ದೇಶದೊಳಗೆ ಬೆಳ್ಳಿ ಏಕೆ ಉಳಿಯಲಿಲ್ಲ?

ಉತ್ತರ ಹುಡುಕಲು ನಾವು ಮೊದಲು ಬಹಳ ದೂರ ಹೋಗಬೇಕು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಶ್ರೇಣಿಯಲ್ಲಿ, ಇಂದಿನ ಬೊಲಿವಿಯ ದೇಶದಲ್ಲಿ, ಪೊಟೋಸಿ ಎಂಬ ಊರಿದೆ. ಸಮುದ್ರಮಟ್ಟದಿಂದ ಸುಮಾರು 4,000 ಮೀಟರ್ ಎತ್ತರ. ಮರ ಬೆಳೆಯದ, ಉಸಿರು ಸಾಲದ ಜಾಗ. ಊರಿನ ಬೆನ್ನಿಗೆ ಶಂಕುವಿನ ಆಕಾರದ ಕೆಂಪು ಬೆಟ್ಟ. 1545ರಲ್ಲಿ ಆ ಬೆಟ್ಟದಲ್ಲಿ ಬೆಳ್ಳಿ ಇರುವುದು ಸ್ಪೇನಿನವರಿಗೆ ತಿಳಿಯಿತು. ಮರುವರ್ಷವೇ ಮೆಕ್ಸಿಕೋದ ಸಕಾತೆಕಾಸ್‌ನಲ್ಲಿಯೂ ಬೆಳ್ಳಿ ಸಿಕ್ಕಿತು. ಅದಕ್ಕೂ ಮೊದಲು, 1532ರಲ್ಲಿ, ಇನ್ಕಾ ಅರಸ ಅತಾಹುಆಲ್ಪನನ್ನು ಸೆರೆಹಿಡಿದ ಪಿಸಾರೊ ಒಂದು ಕೋಣೆ ತುಂಬ ಚಿನ್ನ, ಅದರ ಎರಡರಷ್ಟು ಬೆಳ್ಳಿಯನ್ನು ಬಿಡುಗಡೆಯ ಬೆಲೆಯಾಗಿ ಪಡೆದು, ಕೊನೆಗೆ ಅವನನ್ನು ಕೊಂದೇ ಹಾಕಿದ್ದ. ಆದರೆ ಲೂಟಿಯ ಚಿನ್ನ ಒಮ್ಮೆ ಮುಗಿಯುತ್ತದೆ. ಪೊಟೋಸಿ ಮುಗಿಯದ ಬೆಟ್ಟದಂತೆ ಕಂಡಿತು. ಬೆಲೆ ಕಟ್ಟಲಾಗದ ವಸ್ತುವಿಗೆ ‘ಒಂದು ಪೊಟೋಸಿಯಷ್ಟು ಬಾಳುತ್ತದೆ’ ಎನ್ನುವ ಮಾತು ಸ್ಪ್ಯಾನಿಷ್ ಭಾಷೆಯಲ್ಲಿ ಇಂದಿಗೂ ಇದೆ.

ಆ ಬೆಳ್ಳಿಯನ್ನು ತೆಗೆದವರು ಯಾರು? 1570ರ ದಶಕದಲ್ಲಿ ವೈಸ್‌ರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ ‘ಮಿತಾ’ ಎಂಬ ಬಿಟ್ಟಿ ದುಡಿಮೆಯನ್ನು ಕಟ್ಟುನಿಟ್ಟಿನ ಪದ್ಧತಿಯಾಗಿ ಜಾರಿಗೆ ತಂದ. ಹದಿನಾರು ಪ್ರಾಂತ್ಯಗಳ ಮೂಲನಿವಾಸಿ ಗಂಡಸರಲ್ಲಿ ಏಳರಲ್ಲಿ ಒಬ್ಬನಂತೆ ವರ್ಷಕ್ಕೆ ಸುಮಾರು 13,000 ಮಂದಿ ಹೆಂಡತಿ ಮಕ್ಕಳೊಂದಿಗೆ ವಾರಗಟ್ಟಲೆ ನಡೆದು ಪೊಟೋಸಿಗೆ ಬರಬೇಕಿತ್ತು. ಹೆಸರಿಗೆ ಕೂಲಿ ಇತ್ತು, ಅದು ಹೊಟ್ಟೆಗೆ ಸಾಲುತ್ತಿರಲಿಲ್ಲ. ಹೆಬ್ಬೆರಳಿಗೆ ಮೇಣದ ಬತ್ತಿ ಕಟ್ಟಿಕೊಂಡು, ಬೆನ್ನ ಮೇಲೆ ಅದಿರು ಹೊತ್ತು ಕತ್ತಲಲ್ಲಿ ಏಣಿ ಹತ್ತುತ್ತಿದ್ದರೆಂದು ಕಣ್ಣಾರೆ ಕಂಡವರು ಬರೆದಿದ್ದಾರೆ. ಹೊರಗೆ ಪುಡಿ ಮಾಡಿದ ಅದಿರಿಗೆ ಪಾದರಸ ಬೆರೆಸಿ ಆ ಕೆಸರನ್ನು ಬರಿಗಾಲಲ್ಲಿ ತುಳಿಯಬೇಕಿತ್ತು. ಪಾದರಸ ಮೈಗೆ ಏನು ಮಾಡುತ್ತದೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳಿಗೆ ನಾನು ಹೇಳಬೇಕಾಗಿಲ್ಲ.

ಹೀಗೆ ತೆಗೆದ ಬೆಳ್ಳಿ ಹಡಗೇರಿ ಸೆವಿಲ್ ನಗರಕ್ಕೆ ಬರುತ್ತಿತ್ತು. ಮುಸ್ಲಿಮರ ಕಾಲದ ಇಶ್ಬೀಲಿಯಾ ಅದೇ ನಗರ. ಹಡಗುಗಳು ಹತ್ತಿ ಬರುತ್ತಿದ್ದ ಗ್ವಾದಲ್‌ಕಿವಿರ್ ನದಿಯ ಹೆಸರೂ ಅರಬಿಯದೇ, ಅಲ್ ವಾದಿ ಅಲ್ ಕಬೀರ್, ಅಂದರೆ ದೊಡ್ಡ ಹೊಳೆ. 1503ರಿಂದ 1660ರವರೆಗೆ ಅಲ್ಲಿಯ ದಫ್ತರಿನಲ್ಲಿ ದಾಖಲಾದದ್ದೇ ಸುಮಾರು 16,000 ಟನ್ ಬೆಳ್ಳಿ ಮತ್ತು 180 ಟನ್ ಚಿನ್ನ. ಕಳ್ಳಸಾಗಣೆಯದ್ದು ಬೇರೆ. ಅಗೆದವರು ಯಾರೇ ಇರಲಿ, ಐದರಲ್ಲಿ ಒಂದು ಪಾಲು ಅರಸನಿಗೆ.

ಈಗ ನೀವೇ ಊಹಿಸಿ. ಒಂದು ದೇಶಕ್ಕೆ ಹೀಗೆ ವರ್ಷ ವರ್ಷವೂ ಬೆಳ್ಳಿ ಬಂದಿಳಿದರೆ ಅಲ್ಲಿಯ ರೈತ ಸುಖವಾಗಿರಬೇಕು, ನೇಕಾರ ಸುಖವಾಗಿರಬೇಕು, ಖಜಾನೆ ತುಂಬಿರಬೇಕು. ಆದದ್ದು ಬೇರೆ. ಎರಡನೆಯ ಫಿಲಿಪ್‌ನ ಸರ್ಕಾರ 1557ರಲ್ಲಿ, 1575ರಲ್ಲಿ, 1596ರಲ್ಲಿ ಸಾಲ ತೀರಿಸಲಾರೆನೆಂದು ಕೈಚೆಲ್ಲಿತು. ಅವನ ಮಗನ ಕಾಲದಲ್ಲಿ 1607ರಲ್ಲಿ, ಮೊಮ್ಮಗನ ಕಾಲದಲ್ಲಿ 1627 ಮತ್ತು 1647ರಲ್ಲಿ ಮತ್ತೆ ಅದೇ ಕಥೆ.

ಕಾರಣ ಸರಳ. ಬೆಳ್ಳಿ ಬರುವ ಮೊದಲೇ ಖರ್ಚಾಗಿರುತ್ತಿತ್ತು. ಇಷ್ಟು ದೊಡ್ಡ ಬೆಟ್ಟ ಹಿಂದಿರುವಾಗ ಸಾಲ ಕೊಡಲು ಯಾರು ಹಿಂಜರಿಯುತ್ತಾರೆ? ಜರ್ಮನಿಯ ಫುಗ್ಗರ್ ಮನೆತನ ಕೊಟ್ಟಿತು, ಜಿನೋವಾದ ಸಾಹುಕಾರರು ಕೊಟ್ಟರು. ಆ ಹಣದಲ್ಲಿ ಅರಸರು ಯುದ್ಧ ಮಾಡಿದರು. 1568ರಲ್ಲಿ ಡಚ್ಚರೊಂದಿಗೆ ಆರಂಭವಾದ ಯುದ್ಧ, ನಡುವೆ ಹನ್ನೆರಡು ವರ್ಷಗಳ ಬಿಡುವು ಕಂಡದ್ದು ಬಿಟ್ಟರೆ, 1648ರವರೆಗೆ ನಡೆಯಿತು. 1576ರಲ್ಲಿ ಸಂಬಳ ಸಿಗದ ಸ್ಪೇನಿನ ಸೈನಿಕರು ತಮ್ಮ ಅರಸನದೇ ಆಳ್ವಿಕೆಯ ಆಂಟ್ವೆರ್ಪ್ ನಗರವನ್ನು ಸುಲಿದರು. ಜಗತ್ತಿನ ಅತಿ ದೊಡ್ಡ ಬೆಳ್ಳಿ ಗಣಿಯ ಒಡೆಯನಿಗೆ ತನ್ನ ಸಿಪಾಯಿಗಳಿಗೆ ಸಂಬಳ ಕೊಡಲು ಆಗಲಿಲ್ಲ! ಹಡಗು ಸೆವಿಲ್‌ಗೆ ಬಂದಾಗ ವ್ಯಾಪಾರಿಗಳ ಸ್ವಂತ ಬೆಳ್ಳಿಯನ್ನೂ ಅರಸರು ಆಗಾಗ ವಶಪಡಿಸಿಕೊಂಡು, ಬದಲಿಗೆ ‘ಹೂರೊ’ ಎಂಬ ಬಡ್ಡಿಪತ್ರ ಕೊಡುತ್ತಿದ್ದರು. ವ್ಯಾಪಾರ ಮಾಡಿ ಏನು ಪ್ರಯೋಜನ, ಬಡ್ಡಿಪತ್ರ ಇಟ್ಟುಕೊಂಡು ಮನೆಯಲ್ಲಿ ಕೂರುವುದೇ ಲೇಸು ಎಂಬ ಬುದ್ಧಿ ಜನರಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಒಂದು ವಿಷಯ ಬಹಳ ಮಂದಿಗೆ ತಿಳಿದಿಲ್ಲ. ಎರಡನೆಯ ಫಿಲಿಪ್‌ನ ಒಟ್ಟು ಆದಾಯದಲ್ಲಿ ಅಮೆರಿಕದ ಬೆಳ್ಳಿಯ ಪಾಲು ಐದರಲ್ಲಿ ಒಂದರಿಂದ ನಾಲ್ಕರಲ್ಲಿ ಒಂದರಷ್ಟು ಮಾತ್ರ. ಉಳಿದದ್ದನ್ನು ತೆತ್ತವರು ಹೆಚ್ಚಾಗಿ ಕಾಸ್ತೀಲ್ ಪ್ರಾಂತ್ಯದ ರೈತರು ಮತ್ತು ಪಟ್ಟಣಿಗರು. 1588ರಲ್ಲಿ ಇಂಗ್ಲೆಂಡಿನ ಮೇಲೆ ಕಳುಹಿಸಿದ ನೌಕಾಪಡೆ ಹಾಳಾದ ಮೇಲೆ ಮಾಂಸ, ಎಣ್ಣೆ, ದ್ರಾಕ್ಷಾರಸ, ವಿನೆಗರ್ ಮೇಲೂ ಹೊಸ ತೆರಿಗೆ ಬಿತ್ತು. ಬೆಳ್ಳಿ ಮಾಡಿದ ಅನರ್ಥ ಇದು. ಅದು ಅರಸನಿಗೆ ಸಾಲ ಹುಟ್ಟಿಸಿತು, ಸಾಲ ತೀರಿಸುವ ಹೊಣೆ ಉಳುವವನ ಮೇಲೆ ಬಂತು. ಜೊತೆಗೆ 16ನೆಯ ಶತಮಾನದಲ್ಲಿ ಬೆಲೆಗಳು ಸುಮಾರು ನಾಲ್ಕು ಪಟ್ಟು ಏರಿದವು. ಸಲಮಾಂಕದ ವಿದ್ವಾಂಸ ಮಾರ್ತಿನ್ ದೆ ಅಸ್ಪಿಲ್ಕ್ವೆತ 1556ರಲ್ಲೇ ಇದನ್ನು ಗುರುತಿಸಿ, ಹಣ ಹೆಚ್ಚಿರುವ ಕಡೆ ಹಣದ ಬೆಲೆ ತಗ್ಗುತ್ತದೆ ಎಂದು ತೋರಿಸಿಕೊಟ್ಟಿದ್ದ. ಸ್ಪೇನಿನಲ್ಲಿ ನೇಯ್ದ ಬಟ್ಟೆ ದುಬಾರಿಯಾಯಿತು, ಹೊರಗಿನ ಬಟ್ಟೆ ಅಗ್ಗವಾಯಿತು. ತನ್ನ ಕುರಿಗಳ ಉತ್ತಮ ಉಣ್ಣೆಯನ್ನು ಫ್ಲಾಂಡರ್ಸ್‌ಗೆ ಮಾರಿ, ಅದೇ ಉಣ್ಣೆಯ ಬಟ್ಟೆಯನ್ನು ಅಲ್ಲಿಂದ ಬೆಳ್ಳಿ ಕೊಟ್ಟು ಕೊಳ್ಳುವ ಸ್ಥಿತಿ ಸ್ಪೇನಿನದಾಯಿತು. ಮಗ್ಗಗಳು ಸುಮ್ಮನಾದವು. ಕೈಯಲ್ಲಿ ಬೆಳ್ಳಿ ಇರುವವರೆಗೆ ಮಗ್ಗ ಸುಮ್ಮನಾದುದು ಯಾರ ಕಿವಿಗೂ ಬೀಳಲಿಲ್ಲ.

ದುಡಿಮೆಯ ಬಗೆಗಿನ ತಾತ್ಸಾರ ಇದರೊಂದಿಗೇ ಬೆಳೆಯಿತು. ‘ಇದಾಲ್ಗೊ’ ಎಂಬ ಒಂದು ವರ್ಗ ಅಲ್ಲಿತ್ತು. ಸಣ್ಣ ಕುಲೀನರು. ಅವರಿಗೆ ತೆರಿಗೆ ವಿನಾಯಿತಿ. ಕೈಕಸುಬು ಮಾಡಿದರೆ ಮರ್ಯಾದೆಗೆ ಕುಂದು. ಹಣ ಕೂಡಿಸಿದ ವ್ಯಾಪಾರಿಯ ಕನಸೂ ಮಗನನ್ನು ದೊಡ್ಡ ವ್ಯಾಪಾರಿಯನ್ನಾಗಿ ಮಾಡುವುದಾಗಿರಲಿಲ್ಲ, ಇದಾಲ್ಗೊ ಎನಿಸಿಕೊಳ್ಳುವಂತೆ ಮಾಡುವುದಾಗಿತ್ತು. ಸಾಲದಲ್ಲಿ ಮುಳುಗಿದ ಅರಸರು ಆ ಪದವಿಯನ್ನೂ ಮಾರಿದರು. 1554ರಲ್ಲಿ ಲೇಖಕನ ಹೆಸರಿಲ್ಲದೆ ಪ್ರಕಟವಾದ ‘ಲಾಸರಿಯೊ ದೆ ತೊರ್ಮೆಸ್’ ಎಂಬ ಸ್ಪ್ಯಾನಿಷ್ ಕಾದಂಬರಿಯಲ್ಲಿ ಇಂಥ ಒಬ್ಬ ಯಜಮಾನ ಬರುತ್ತಾನೆ. ಮನೆಯಲ್ಲಿ ಒಂದು ತುಂಡು ರೊಟ್ಟಿಗೂ ಗತಿಯಿಲ್ಲ. ಆದರೂ ಅವನು ಬಾಗಿಲಲ್ಲಿ ನಿಂತು, ಈಗಷ್ಟೇ ಊಟ ಮುಗಿಸಿದವನಂತೆ ಕಡ್ಡಿಯಿಂದ ಹಲ್ಲು ಕುಕ್ಕಿಕೊಳ್ಳುತ್ತಾನೆ. ಬೇಡಿ ತಂದ ರೊಟ್ಟಿಯನ್ನು ಅವನಿಗೆ ಕೊಡುವವನು ಅವನದೇ ಕೆಲಸದ ಹುಡುಗ.

ವಿದ್ಯೆಯ ವಿಷಯ ನಮ್ಮಂಥ ಸಂಸ್ಥೆಯ ಸದಸ್ಯರು ಗಮನಿಸಬೇಕಾದದ್ದು. ಸ್ಪೇನಿನಲ್ಲಿ ವಿಶ್ವವಿದ್ಯಾನಿಲಯಗಳಿಗೇನೂ ಕೊರತೆ ಇರಲಿಲ್ಲ, ಸಲಮಾಂಕ ಯುರೋಪಿನಲ್ಲೇ ಹೆಸರಾಗಿತ್ತು. ಆದರೆ ವಿದ್ಯಾರ್ಥಿಗಳು ಮುಗಿಬಿದ್ದದ್ದು ಕಾನೂನಿಗೆ, ಏಕೆಂದರೆ ಆ ಪದವಿಯಿಂದ ಅರಸನ ಕಚೇರಿಯಲ್ಲಿ ಹುದ್ದೆ ಸಿಗುತ್ತಿತ್ತು. 1559ರಲ್ಲಿ ಫಿಲಿಪ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಸ್ತೀಲ್‌ನ ಯುವಕರು ಹೊರದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ಓದಕೂಡದೆಂದು ಆಜ್ಞೆ ಹೊರಡಿಸಿದ. ಬೊಲೊನ್ಯ, ರೋಮ್, ನೇಪಲ್ಸ್, ಕೊಯಿಂಬ್ರಗಳಿಗೆ ಮಾತ್ರ ವಿನಾಯಿತಿ. ಪ್ರಾಟೆಸ್ಟೆಂಟ್ ವಿಚಾರಗಳು ನುಸುಳುತ್ತವೆ ಎಂಬ ಭಯ ಅದಕ್ಕೆ ಕಾರಣ. ಯುರೋಪಿನ ಉಳಿದೆಡೆ ಗಣಿತ, ಖಗೋಳಶಾಸ್ತ್ರ, ವೈದ್ಯಗಳು ಹೊಸ ದಾರಿ ಹಿಡಿಯುತ್ತಿದ್ದ ಕಾಲದಲ್ಲೇ ಈ ಬಾಗಿಲು ಮುಚ್ಚಿತು. ಬಡ ದೇಶವೊಂದು ಹೀಗೆ ಮಾಡಿದ್ದರೆ ಅದರ ನಷ್ಟ ಬೇಗನೆ ಕಾಣುತ್ತಿತ್ತು. ಬೆಳ್ಳಿಯ ಹಡಗು ಬರುತ್ತಿದ್ದ ದೇಶಕ್ಕೆ ಕಾಣಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ನಮ್ಮ ಕರಾವಳಿಗೂ ಒಂದು ಬಗೆಯ ಬೆಳ್ಳಿ ಬಂತು, ಬ್ಯಾಂಕ್ ಡ್ರಾಫ್ಟಿನ ರೂಪದಲ್ಲಿ. ಅದನ್ನು ಪೊಟೋಸಿಯ ಬೆಳ್ಳಿಗೆ ಹೋಲಿಸುವುದು ಅನ್ಯಾಯ. ಗಲ್ಫಿನ ಬಿಸಿಲಿನಲ್ಲಿ ದುಡಿದ ನಮ್ಮವರು ಇದಾಲ್ಗೊಗಳಲ್ಲ. ಅವರ ಪ್ರತಿ ರಿಯಾಲಿನ ಹಿಂದೆ ಬೆವರಿದೆ, ಹೆಂಡತಿ ಮಕ್ಕಳನ್ನು ಅಗಲಿದ ವರ್ಷಗಳಿವೆ. ಅದೇ ಹಣದಿಂದ ಶಾಲೆ, ಕಾಲೇಜುಗಳೂ ಎದ್ದಿವೆ. ಆದರೆ ಬಾಗಿಲಲ್ಲಿ ನಿಂತು ಹಲ್ಲು ಕುಕ್ಕಿಕೊಳ್ಳುವ ಆ ಯಜಮಾನನ ಬಗ್ಗೆ ಓದಿದಾಗ ನನಗೆ ನೆನಪಾದದ್ದು ದುಡಿಯಲು ಹೋದವರಲ್ಲ, ಊರಿನಲ್ಲಿ ಉಳಿದ ನಾವು. ವೀಸಾ ಬರುತ್ತದೆ ಎಂದು ಹತ್ತನೆಯ ತರಗತಿಗೇ ಪುಸ್ತಕ ಮಡಚಿಟ್ಟ ನನ್ನ ಓರಗೆಯ ಹುಡುಗರು. ಸಾಲ ಮಾಡಿ ತಂಗಿಯ ಮದುವೆಗೆ ಚಪ್ಪರ ಹಾಕಿ, ಆ ಸಾಲಕ್ಕಾಗಿ ಮತ್ತೈದು ವರ್ಷ ಮರಳುಗಾಡಿಗೆ ಹೋದ ಅಣ್ಣಂದಿರು. ಗಣಿಯೊಳಗಿರುವವನಿಗೆ ಬೆಳ್ಳಿಯ ತೂಕ ಗೊತ್ತಿರುತ್ತದೆ. ಕಣ್ಣು ಮಂಜಾಗುವುದು ಹಡಗಿನ ದಾರಿ ಕಾಯುವವನಿಗೆ.

ಮತ್ತೆ ಸ್ಪೇನಿಗೆ ಬರೋಣ. 1492ರ ಜನವರಿ 2ರಂದು ಗ್ರನಾಡದ ಕೊನೆಯ ಸುಲ್ತಾನ ಅಬೂ ಅಬ್ದುಲ್ಲಾ ನಗರದ ಕೀಲಿಗಳನ್ನು ಒಪ್ಪಿಸಿದ್ದು ನಿಮಗೆ ತಿಳಿದಿದೆ. ಅದೇ ವರ್ಷ ಯಹೂದಿಗಳನ್ನು ಹೊರಹಾಕುವ ಆಜ್ಞೆಯಾಯಿತು, ಅದೇ ವರ್ಷ ಕೊಲಂಬಸ್ ಹಡಗು ಹತ್ತಿದ. ಗ್ರನಾಡದ ಬಿಬ್ ರಂಬ್ಲ ಚೌಕದಲ್ಲಿ ಕಾರ್ಡಿನಲ್ ಸಿಸ್ನೆರೋಸ್ ಅರಬಿ ಗ್ರಂಥಗಳ ರಾಶಿಗೆ ಬೆಂಕಿ ಇಡಿಸಿದ್ದು ಅದಾಗಿ ಏಳೆಂಟು ವರ್ಷಗಳಲ್ಲಿ. ವೈದ್ಯಕೀಯ ಗ್ರಂಥಗಳನ್ನು ಮಾತ್ರ ಬೇರೆ ತೆಗೆಸಿ ಅಲ್ಕಲಾಕ್ಕೆ ಕಳುಹಿಸಿದ. ಅವುಗಳ ಬೆಲೆ ಅವನಿಗೂ ಗೊತ್ತಿತ್ತು ಎಂದಾಯಿತು! ಬಲವಂತವಾಗಿ ಕ್ರೈಸ್ತರಾದ ಮುಸ್ಲಿಮರನ್ನು ‘ಮೊರಿಸ್ಕೊ’ ಎಂದು ಕರೆದರು. 1609ರಿಂದ 1614ರವರೆಗೆ, ಮೂರನೆಯ ಫಿಲಿಪ್‌ನ ಆಳ್ವಿಕೆಯಲ್ಲಿ, ಸುಮಾರು ಮೂರು ಲಕ್ಷ ಮೊರಿಸ್ಕೊಗಳನ್ನು ಹಡಗು ಹತ್ತಿಸಿ ದೇಶದಿಂದ ಹೊರಹಾಕಲಾಯಿತು. ಇದಕ್ಕೆ ಬೆಳ್ಳಿಯೇ ಕಾರಣ ಎಂದು ನಾನು ಹೇಳುವುದಿಲ್ಲ. ಮತದ್ವೇಷ, ಉಸ್ಮಾನಿ ತುರ್ಕರ ಭಯ, ಆಸ್ಥಾನದ ರಾಜಕೀಯ ಎಲ್ಲವೂ ಅಲ್ಲಿದ್ದವು. ಆದರೆ ಯಾರನ್ನು ಕಳೆದುಕೊಳ್ಳುತ್ತಿದ್ದೇವೆ ಎಂಬ ಲೆಕ್ಕವನ್ನು ಆಸ್ಥಾನ ಹಾಕಿದಂತೆ ಕಾಣುವುದಿಲ್ಲ.

ವಲೆನ್ಸಿಯ ಪ್ರಾಂತ್ಯದ ಜನಸಂಖ್ಯೆಯ ಸುಮಾರು ಮೂರನೆಯ ಒಂದು ಭಾಗ ಅವರೇ ಆಗಿದ್ದರು. ಕಾಲುವೆ ನೀರಿನಲ್ಲಿ ಭತ್ತ, ಕಬ್ಬು, ತರಕಾರಿ ಬೆಳೆಯುವುದು, ರೇಷ್ಮೆ ಸಾಕುವುದು ಅವರ ಕೈಗೆ ಹತ್ತಿದ ವಿದ್ಯೆ. ಗಂದೀಯದ ಸುತ್ತಲಿನ ಕಬ್ಬಿನ ಗದ್ದೆಗಳು ದುಡಿಯುವವರಿಲ್ಲದೆ ನಿಂತವು. ಹಳ್ಳಿಗಳು ಪಾಳು ಬಿದ್ದವು. ಗೇಣಿ ಬರುತ್ತಿದ್ದ ಜಮೀನ್ದಾರರು ಸಾಲಗಾರರಾದರು, ಅವರಿಗೆ ಸಾಲ ಕೊಟ್ಟವರೂ ಮುಳುಗಿದರು. ಹೋದವರಲ್ಲಿ ಹಲವರು ಟ್ಯುನೀಸಿಯಾದಲ್ಲಿ ನೆಲೆಸಿ ಹೊಸ ಊರುಗಳನ್ನು ಕಟ್ಟಿದರು. ತೆಸ್ತೂರ್ ಪಟ್ಟಣ ಅವರದು. ‘ಶಾಶಿಯ’ ಎಂಬ ಕೆಂಪು ಉಣ್ಣೆಯ ಟೋಪಿಯ ಕಸುಬನ್ನು ಅವರು ಅಲ್ಲಿ ಬೆಳೆಸಿದರು. ಆ ಟೋಪಿ ಟ್ಯುನೀಸಿಯಾದ ದೊಡ್ಡ ರಫ್ತಾಯಿತು. ಎಂಥ ವಿಪರ್ಯಾಸ ನೋಡಿ. ಒಂದು ಕಡೆ ಬೆಳ್ಳಿಯ ರಾಶಿ, ಕಸುಬಿಲ್ಲ. ಇನ್ನೊಂದು ಕಡೆ ಬರಿಗೈಯಲ್ಲಿ ಹಡಗಿನಿಂದ ಇಳಿದವರು, ಕಸುಬು ಅವರ ಜೊತೆಗೇ ಬಂದಿತ್ತು.

ಯಾರೂ ಎಚ್ಚರಿಸಲಿಲ್ಲವೇ ಎಂದು ನೀವು ಕೇಳಬಹುದು. ಎಚ್ಚರಿಸಿದವರು ಸ್ಪೇನಿನವರೇ. 1600ರಲ್ಲಿ ವಯಾದೊಲಿದ್ ನಗರದ ಮಾರ್ತಿನ್ ಗೊನ್ಸಾಲೆಸ್ ದೆ ಸೆಯೊರಿಗೊ ಎಂಬ ವಕೀಲ ಅರಸನಿಗಾಗಿ ಒಂದು ಪುಸ್ತಕ ಬರೆದ. ನಮ್ಮಲ್ಲಿ ಸಂಪತ್ತು ಇರುವುದೇ ನಮ್ಮ ಬಡತನಕ್ಕೆ ಕಾರಣ, ಸಂಪತ್ತೆಲ್ಲ ಬಡ್ಡಿಪತ್ರಗಳಲ್ಲಿ ಗಾಳಿಯ ಮೇಲೆ ತೇಲುತ್ತಿದೆ, ನೆಲ ಮತ್ತು ಕಸುಬಿನಲ್ಲಿ ಇಲ್ಲ, ಯಾರೋ ಮಾಟ ಮಾಡಿದವರಂತೆ ಇಡೀ ನಾಡು ಬದುಕುತ್ತಿದೆ ಎಂಬುದು ಅವನ ವಾದದ ತಿರುಳು. ಅವನಂತೆ ಬರೆದವರು ಇನ್ನೂ ಹಲವರಿದ್ದರು. ಅವರನ್ನು ‘ಅರ್ಬಿತ್ರಿಸ್ತ’ರೆಂದು ಕರೆದು, ಹುಚ್ಚು ಸಲಹೆಗಾರರೆಂದು ನಾಟಕಗಳಲ್ಲಿ ಗೇಲಿ ಮಾಡಿದರು.

ಇವರೆಲ್ಲರಿಗಿಂತ ಮೊದಲೇ ಒಬ್ಬರು ಇದನ್ನು ಬರೆದಿಟ್ಟಿದ್ದರು. ಪೊಟೋಸಿಯ ಬೆಳ್ಳಿ ಕಾಣುವುದಕ್ಕೆ 168 ವರ್ಷ ಮೊದಲು, 1377ರಲ್ಲಿ, ಇಬ್ನು ಖಲ್ದೂನ್ ತಮ್ಮ ‘ಮುಖದ್ದಿಮ’ದ ಮೊದಲ ಕರಡನ್ನು ಮುಗಿಸಿದರು. ಅವರು ಹುಟ್ಟಿದ್ದು ಟ್ಯೂನಿಸ್‌ನಲ್ಲಿ, ಮನೆತನ ಮಾತ್ರ ಇಶ್ಬೀಲಿಯಾದ್ದು. ಕ್ರೈಸ್ತ ಸೈನ್ಯ 1248ರಲ್ಲಿ ಆ ನಗರವನ್ನು ಗೆಲ್ಲುವ ಮೊದಲೇ ಅವರ ಹಿರಿಯರು ಅಲ್ಲಿಂದ ಹೊರಟಿದ್ದರು. ಪೂರ್ವದ ನಾಡುಗಳು ಸಮೃದ್ಧವಾಗಿರುವುದನ್ನು ಕೇಳಿದ ಸಾಮಾನ್ಯ ಜನರು, ಅಲ್ಲಿ ಚಿನ್ನ ಬೆಳ್ಳಿಯ ಗಣಿಗಳು ಹೆಚ್ಚಿವೆ ಎಂದುಕೊಳ್ಳುತ್ತಾರೆ, ಅದು ತಪ್ಪು ಎಂದು ಅವರು ವಾದಿಸುತ್ತಾರೆ. ನಮಗೆ ಗೊತ್ತಿರುವ ಚಿನ್ನದ ಗಣಿಗಳು ಇರುವುದು ಆಫ್ರಿಕದ ಸೂಡಾನ್ ನಾಡಿನಲ್ಲಿ, ಅದು ಪೂರ್ವಕ್ಕಿಂತ ನಮಗೇ ಹತ್ತಿರ; ಸಮೃದ್ಧಿ ಬರುವುದು ಜನರ ದುಡಿಮೆಯಿಂದ, ಕಸುಬುಗಳ ಹೆಚ್ಚಳದಿಂದ ಎಂಬುದು ಅವರ ವಿವರಣೆ. ಹೂತಿಟ್ಟ ನಿಧಿ ಹುಡುಕಿ ಬದುಕಲು ಹೊರಡುವವರ ಬಗ್ಗೆ ಒಂದು ಅಧ್ಯಾಯವನ್ನೇ ಬರೆದು, ಅದು ಜೀವನೋಪಾಯದ ಸಹಜ ಮಾರ್ಗವಲ್ಲ ಎನ್ನುತ್ತಾರೆ.

ಬರಿಯ ಮಾತಲ್ಲ ಅದು. 1364ರಲ್ಲಿ ಗ್ರನಾಡದ ಸುಲ್ತಾನನ ರಾಯಭಾರಿಯಾಗಿ ಅವರು ಸೆವಿಲ್‌ಗೆ ಹೋದಾಗ, ಕಾಸ್ತೀಲ್‌ನ ಅರಸ ಪೇದ್ರೊ ಅವರ ವಿದ್ವತ್ತನ್ನು ಮೆಚ್ಚಿ, ತನ್ನ ಬಳಿ ಉಳಿದರೆ ಪೂರ್ವಜರ ಆಸ್ತಿಯನ್ನೆಲ್ಲ ಮರಳಿ ಕೊಡುವುದಾಗಿ ಹೇಳಿದ. ತಾತ ಮುತ್ತಾತಂದಿರ ಮನೆ, ಜಮೀನು, ಒಂದು ‘ಹೂಂ’ ಎಂದರೆ ಕೈಗೆ ಬರುತ್ತಿತ್ತು. ಆಗ ಅವರಿಗೆ ಮೂವತ್ತೆರಡರ ಪ್ರಾಯ. ಅವರು ವಿನಯದಿಂದ ಬೇಡವೆಂದು ಗ್ರನಾಡಕ್ಕೆ ಹಿಂತಿರುಗಿದರು.

ಇನ್ನು ಆ ಬೆಳ್ಳಿ ಎಲ್ಲಿ ಹೋಯಿತು? ಜಿನೋವಾಕ್ಕೆ, ಆಂಟ್ವೆರ್ಪ್‌ಗೆ, ಆಮ್‌ಸ್ಟರ್‌ಡ್ಯಾಮ್‌ಗೆ. ಮನಿಲಾದ ಮಾರ್ಗವಾಗಿ ಚೀನಾಕ್ಕೆ. ಉಸ್ಮಾನಿ ಸಾಮ್ರಾಜ್ಯದ ಪೇಟೆಗಳಿಗೆ. ಡಚ್ಚರ, ಇಂಗ್ಲಿಷರ ಹಡಗುಗಳಲ್ಲಿ ಸೂರತ್‌ಗೆ ಬಂದ ರಿಯಾಲ್‌ಗಳನ್ನು ಅಲ್ಲಿಯ ಮೊಗಲ್ ಟಂಕಸಾಲೆಯಲ್ಲಿ ಕರಗಿಸಿ ರೂಪಾಯಿ ಹೊಡೆದರು. ಲಿಸ್ಬನ್‌ನಿಂದ ಗೋವೆಗೆ ಬಂದ ರಿಯಾಲ್‌ಗಳಿಂದ ಪೋರ್ಚುಗೀಸರು ನಮ್ಮ ಕರಾವಳಿಯ ಕಾಳುಮೆಣಸನ್ನು ಕೊಂಡರು. ಎಲ್ಲಿ ನೇಯುವ, ಬೆಳೆಯುವ, ಮಾರುವ ಕೈಗಳಿದ್ದವೋ ಬೆಳ್ಳಿ ಅಲ್ಲಿಗೆ ಹೋಯಿತು. ಪೊಟೋಸಿಯ ಬೆಟ್ಟವನ್ನು ಇಂದಿಗೂ ಬಡ ಗಣಿಗಾರರು ಕೊರೆಯುತ್ತಿದ್ದಾರೆ. ಒಳಗೆಲ್ಲ ಪೊಳ್ಳಾಗಿ ಅದರ ತುದಿ ಕುಸಿಯುತ್ತಿರುವುದರಿಂದ 2014ರಲ್ಲಿ ಯುನೆಸ್ಕೊ ಪೊಟೋಸಿಯನ್ನು ಅಪಾಯದಲ್ಲಿರುವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಯುನೆಸ್ಕೊ ಗುರುತಿಸಿದ ಇನ್ನೊಂದು ಪರಂಪರೆ ಸ್ಪೇನಿನಲ್ಲೇ ಇದೆ. ವಲೆನ್ಸಿಯದ ದೊಡ್ಡ ಚರ್ಚು ಇರುವ ಜಾಗದಲ್ಲಿ ಹಿಂದೆ ಮಸೀದಿ ಇತ್ತು. ಅದರ ಬಾಗಿಲ ಮುಂದೆ ಪ್ರತಿ ಗುರುವಾರ ಮಧ್ಯಾಹ್ನ 12 ಗಂಟೆಗೆ ಕಪ್ಪು ಅಂಗಿ ತೊಟ್ಟ ರೈತರು ವೃತ್ತಾಕಾರವಾಗಿ ಕುರ್ಚಿ ಹಾಕಿ ಕೂರುತ್ತಾರೆ. ಅದು ನೀರಿನ ನ್ಯಾಯಾಲಯ. ಕಾಲುವೆಯ ನೀರು ಹಂಚಿಕೊಳ್ಳುವ ರೈತರೇ ಆರಿಸಿದವರು ಅಲ್ಲಿಯ ನ್ಯಾಯಾಧೀಶರು. ವಕೀಲರಿಲ್ಲ, ವಾದ ವಿವಾದವೆಲ್ಲ ಬಾಯಿಮಾತಿನಲ್ಲಿ. ಮುಸ್ಲಿಮರ ಕಾಲದಿಂದ ನಡೆದು ಬಂದದ್ದೆಂದು ಊರಿನವರು ಹೇಳುತ್ತಾರೆ. ಅಲ್ಲಿ ಕಾಲುವೆಗೆ ಈಗಲೂ ‘ಅಸೇಕಿಯ’ ಎಂದೇ ಹೆಸರು, ಅರಬಿಯ ‘ಅಸ್ಸಾಕಿಯ’. ಜವಾನ ಎದ್ದುನಿಂತು ಮಿಸ್ಲಾತ, ಫವಾರ, ಮೆಸ್ತಾಯ ಎಂದು ಒಂದೊಂದು ಕಾಲುವೆಯ ಹೆಸರು ಕೂಗಿ, ದೂರು ಇರುವವರು ಬರಬಹುದು ಎನ್ನುತ್ತಾನೆ. ಹೆಚ್ಚಿನ ಗುರುವಾರಗಳಲ್ಲಿ ಯಾರೂ ಬರುವುದಿಲ್ಲ. ಕೆಲವೇ ನಿಮಿಷಗಳಲ್ಲಿ ನ್ಯಾಯಾಧೀಶರು ಎದ್ದು ಹೊರಡುತ್ತಾರೆ.